ಉಪಸಂಹಾರದಲ್ಲಿ ಕಣ್ಣೀರು

"ನಾ ಸತ್ತೇನೇನ್ರಿ, ಸರ್? ಮುಟ್ಟಿ ನೋಡ್ರಿ! ಮೈ ಬೆಚ್ಚಗೈತೋ ಇಲ್ಲೋ, ನೀವ ಹೇಳ್ರಿ!"

ಹೆಡ್‌ಮಾಸ್ತರರ ಕೋಣೆಯಲ್ಲಿ ಸಿದ್ರಾಮ ತನ್ನ ಮುಂಗೈಯನ್ನು ಕನ್ನಡ ಮಾಸ್ತರ ಸಂಜೀವಕುಮಾರನ ಮೂಗಿನ ತನಕ ಒಯ್ದಿದ್ದ. ಇನ್ನೊಂದು ಕೈಯಲ್ಲಿ ಮಗಳು ಕೋಮಲಳ ಕಿರುಪರೀಕ್ಷೆಯ ಉತ್ತರಪತ್ರಿಕೆ. ಪಾಲಕರು ಓದಿ ಸಹಿ ಹಾಕಬೇಕೆಂಬುದು ನಾಲತವಾಡದ ಆ ಹೈಸ್ಕೂಲಿನ ಪದ್ಧತಿ. ಪತ್ರಿಕೆಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧ: ತೊಗರಿ ಹೊಲದಲ್ಲಿ ಸಿಡಿಲು ಬಡಿದು ಸತ್ತ ಅಪ್ಪನ ಮೇಲೆ ಎರಡು ಪುಟ. ಕೆಳಗೆ ಕೆಂಪು ಶಾಯಿಯಲ್ಲಿ 'ಅತ್ಯುತ್ತಮ. ತಂದೆಯ ಸಹಿ ತರುವುದು.'

"ಸತ್ತಾವ ಸಹಿ ಹೆಂಗ ಮಾಡ್ಲಿ? ಮ್ಯಾಲಿಂದ ಕೈ ಚಾಚ್ಲೇನು?"

"ಸಿದ್ರಾಮಣ್ಣ, ಅದು ಬರೇ ಪ್ರಬಂಧ..."

"ಬರೇ ಪ್ರಬಂಧ ಅಂತ! ನಮ್ಮವ್ವ ಅದನ್ನ ಓದಿಸಿ ಕೇಳಿ ಮುಂಜಾನಿಂದ ಬಾಯಿ ಬಡ್ಕೊಂಡು ಅಳಾಕತ್ತಾಳ. ನಾ ಮುಂದ ಕುಂತು ಚಾ ಕುಡ್ಯಾಕತ್ತೇನಿ, ಆದ್ರೂ ಅಳೂದು ಬಿಡವಲ್ಲಳು!"

ಅಷ್ಟರಲ್ಲಿ ಇನ್ನೊಬ್ಬ ಹುಡುಗನ ತಾಯಿ ಸಾವಿತ್ರವ್ವ ಒಳಗೆ ನುಗ್ಗಿದಳು. ಅವಳ ಕೈಯಲ್ಲೂ ಒಂದು ಉತ್ತರಪತ್ರಿಕೆ. "ನನ್ನ ಕುಂಕುಮ ಅಳಸಾಕ ನಿಮಗ ಯಾರ್ ಹೇಳಿದ್ರಿ, ಮಾಸ್ತರ?" ಅವಳ ಹಿಂದೆಯೇ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದ ಮುರ್ತುಜಾಸಾಬ. "ನಾ ದರ್ಜಿ ಅದೀನ್ರಿ. ನನಗ ತೊಗರಿ ಹೊಲ ಎಲ್ಲಿಂದ ಬಂತು? ಸಾಯಿಸೂದ ಆಗಿದ್ರ ಮಷೀನಿನ ಮುಂದರ ಸಾಯಿಸಬೇಕಿತ್ತು."

ಸಂಜೀವಕುಮಾರನ ಮುಖ ಹಿಂಡಿ ಎಸೆದ ಲಿಂಬೆಹಣ್ಣಿನಂತಾಯಿತು. ಪ್ರಬಂಧ ಕಲಿಸುವುದರಲ್ಲಿ ಅವನದು ಒಂದೇ ಸೂತ್ರ: ಪೀಠಿಕೆಯಲ್ಲಿ ಪ್ರೀತಿ, ವಿವರಣೆಯಲ್ಲಿ ಸಿಡಿಲು, ಉಪಸಂಹಾರದಲ್ಲಿ ಕಣ್ಣೀರು. ಪೇಪರು ನೋಡುವವನ ಕಣ್ಣು ಒದ್ದೆಯಾದರೆ ಅಂಕ ತಾವಾಗಿ ಉದುರುತ್ತವೆ. ಹುಡುಗನಿದ್ದಾಗ ಇಂಡಿ ಊರಿನ ಒಂದು ಸ್ಪರ್ಧೆಯಲ್ಲಿ ತನಗೆ ಬಹುಮಾನ ತಂದುಕೊಟ್ಟ ಪ್ರಬಂಧವನ್ನೇ ಅವನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಸುತ್ತಿದ್ದ. ಮಕ್ಕಳು ಕಂಠಪಾಠ ಮಾಡಿ ಅಪ್ಪನ ಹೆಸರಷ್ಟೇ ಬದಲಿಸುತ್ತಿದ್ದರು. ಹೀಗೆ ಹತ್ತನೇ ತರಗತಿಯ ಅಪ್ಪಂದಿರೆಲ್ಲ ಒಂದೇ ಹೊಲದಲ್ಲಿ ಒಂದೇ ಸಿಡಿಲಿಗೆ ಹೋಗಿದ್ದರು.

ಪಾರಾಗಲು ಅವನಿಗೆ ಉಳಿದದ್ದು ಹಳೆಯ ದಾರಿಯೊಂದೇ. ಕರ್ಚೀಫು ತೆಗೆದ.

"ಆ ಸಿಡಿಲು ನಿಮಗ ಬಡಿದಿಲ್ರಿ. ನನ್ನಪ್ಪಗ ಬಡೀತು. ನಾ ಆಗ ಏಳನೇ ಕ್ಲಾಸಿನ್ಯಾಗ ಇದ್ದೆ. ಎದಿಯಾಗಿಂದು ಬರದೆ. ಮಕ್ಕಳು ಅದನ್ನ ಹಂಗ..."

ಈ ಮಾತನ್ನು ಅವನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದನೆಂದರೆ ಕಣ್ಣೀರು ಕರೆಯುವ ಮೊದಲೇ ಬರುತ್ತಿತ್ತು. ಮಕ್ಕಳು ಮರುಗಿ ಶೇಂಗಾ, ಪೇರಲ ತಂದುಕೊಡುತ್ತಿದ್ದರು. ಊರಲ್ಲಿರುವ ಅಪ್ಪ "ಬಂದು ನಿನ್ನ ಸಾಲಿ ನೋಡ್ಲೇನೋ?" ಎಂದು ಫೋನು ಮಾಡಿದಾಗಲೆಲ್ಲ "ಈಗ ಬ್ಯಾಡಪ್ಪಾ, ಪರೀಕ್ಷಾ ಅದಾವ" ಎನ್ನುತ್ತ ಬಂದಿದ್ದ.

ಸಾವಿತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯವ್ವಾ, ತಂದಿ ಇಲ್ಲದ ಕೂಸು!" ಕೂಸಿನ ಹೊಟ್ಟೆ ಶರ್ಟಿನ ಗುಂಡಿಯನ್ನು ದೂಡುತ್ತಿತ್ತು. ಸಿದ್ರಾಮ ಮಾತ್ರ ಕರಗಲಿಲ್ಲ. "ಪಾಪ ಖರೇ. ಆದ್ರ ನಿಮ್ಮಪ್ಪ ಹೋಗೂ ಮುಂದ ನಮ್ಮನ್ನೂ ಜೋಡಿ ಕರ್ಕೊಂಡು ಹೋಗಬೇಕೇನ್ರಿ?"

ಬಾಗಿಲಲ್ಲಿ ನೆರೆದಿದ್ದ ಉಳಿದ ಪಾಲಕರೂ ಸೇರಿ ಮತ್ತೆ ಗದ್ದಲವೆದ್ದಿತು. ಹೆಡ್‌ಮಾಸ್ತರ ಶ್ರೀಶೈಲಪ್ಪ ಎದ್ದು ನಿಂತರು. ಗದ್ದಲಕ್ಕೆ ಅವರ ಬಳಿ ಇದ್ದ ಮದ್ದು ಒಂದೇ. "ಸರ್ ಅವರ ತಂದೆಯವರ ಆತ್ಮಕ್ಕ ಶಾಂತಿ ಕೋರೂಣು. ಎಲ್ಲಾರೂ ಹೊರಗ ಬರ್ರಿ. ಎರಡು ನಿಮಿಷ ಮೌನ!"

"ಬ್ಯಾಡ್ರಿ ಸರ್, ಭಾಳ ಹಳೇದು ಅದು..."

"ದುಃಖದಾಗ ಹಳೇದು ಹೊಸಾದು ಅಂತ ಇರ್ತೈತೇನ್ರಿ?"

ಗಂಟೆ ಹೊಡೆಯಿತು. ಇಡೀ ಶಾಲೆ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿತು. ಆಗ ಗೇಟು ಕಿರುಗುಟ್ಟಿತು. ತಲೆಗೆ ಬಿಳಿ ಪಟಗಾ ಸುತ್ತಿದ ಮುದುಕನೊಬ್ಬ ಲಿಂಬೆಕಾಯಿಯ ಚೀಲ ಹೊತ್ತು ಒಳಗೆ ಬಂದ. ಜನ ನಿಂತದ್ದನ್ನು ಕಂಡು ಚಪ್ಪಲಿ ಬಿಟ್ಟು, ಚೀಲ ಇಳಿಸಿ, ಕೋಮಲಳ ಪಕ್ಕದಲ್ಲಿ ತಾನೂ ಕೈಮುಗಿದು ನಿಂತ.

ಸಂಜೀವಕುಮಾರ ಅರ್ಧ ಕಣ್ಣು ತೆರೆದ. ಅಪ್ಪ. ಬಸಂತರಾಯ. ತನ್ನ ಸಾವಿಗೆ ತಾನೇ ಭಕ್ತಿಯಿಂದ ಮೌನ ಆಚರಿಸುತ್ತಿದ್ದ. ಈ ಎರಡು ನಿಮಿಷ ಮುಗಿಯದೇ ಇರಲಿ ಎಂದು ಮಾಸ್ತರ ಎಲ್ಲ ದೇವರಿಗೂ ಹರಕೆ ಹೊತ್ತ. ಮುಗಿಯಿತು.

"ಯಾರ್ ತೀರ್ಕೊಂಡ್ರವ್ವಾ?" ಮುದುಕ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು.

"ನಮ್ಮ ಸಂಜೀವಕುಮಾರ ಸರ್ ಅವರ ಅಪ್ಪಾರ್ರಿ," ಎಂದಳು ಕೋಮಲ. "ಸರ್ ಏಳನೇ ಕ್ಲಾಸಿನ್ಯಾಗ ಇದ್ದಾಗ, ಸಿಡ್ಲ ಬಡದು."

ಬಸಂತರಾಯ ಮಗನನ್ನು ನೋಡಿದ. ಮಗ ಕೆಳಗೆ ನೋಡಿದ.

"ನೀವ್ಯಾರ್ರಿ, ಹಿರ್ಯಾರ?" ಹೆಡ್‌ಮಾಸ್ತರ ಕೇಳಿದರು.

ಮುದುಕ ಪಟಗಾ ಸರಿಮಾಡಿಕೊಂಡ. "ನಾನ್ರಿ? ಸತ್ತಾವರ ಊರಾವ. ಇಂಡಿ ಕಡಿಂದ ಬಂದೇನಿ."

"ಅವರನ್ನ ನೋಡಿದ್ರೇನ್ರಿ?"

"ನೋಡಿದ್ದೆ. ಭಾಳ ಹುಚ್ಚ ಇದ್ದ. ಮಗ ಒಂಬತ್ತನೇ ಕ್ಲಾಸಿನ್ಯಾಗ ಏನೋ ಬರದು ಬಹುಮಾನ ತಂದ. ಈ ಹುಚ್ಚಗ ಓದಾಕ ಬರ್ತಿದ್ದಿಲ್ಲ. ಏನ್ ಬರದಿ ಅಂತ ಕೇಳಿದ್ರ, ನಿನ್ನ ಬಗ್ಗೇನ ಅಪ್ಪಾ ಅಂದ. ಆ ಹಾಳಿ ಪಟಗಾದಾಗ ಸಿಗಿಸ್ಕೊಂಡು ಊರ ತುಂಬ ತೋರ್ಸಿದ್ದ." ಚೀಲವನ್ನು ಕಾಲಿನಿಂದ ಮುಂದೆ ಸರಿಸಿದ. "ಈ ಲಿಂಬಿಕಾಯಿ ಸರ್‌ಗೆ ಕೊಡ್ರಿ. ಉಪ್ಪಿನಕಾಯಿಗೆ ಛಲೋ ಅದಾವ."

ಚಪ್ಪಲಿ ಮೆಟ್ಟಿಕೊಂಡು ನಡೆದ. ಸಿದ್ರಾಮ ಹೋಗಿ ತೋಳು ಹಿಡಿದು ಗೇಟು ದಾಟಿಸಿದ. ತಿರುಗಿ ಬರುವಾಗ ಬೆರಳು ಮಡಚುತ್ತ ಮಾಸ್ತರನ ತರಗತಿಗಳ ಲೆಕ್ಕ ಹಾಕುತ್ತಿದ್ದ: ಏಳು, ಎಂಟು, ಒಂಬತ್ತು. ಮಾಸ್ತರನ ಎದುರು ನಿಂತ. ಈಗ ಕೂಗಾಡಲಿಲ್ಲ.

"ಸರ್, ಮುಟ್ಟಿ ನೋಡ್ದೆ. ಮೈ ಬೆಚ್ಚಗೈತಿ."

ಶಾಲೆಗೆ ಶಾಲೆಯೇ ಸಂಜೀವಕುಮಾರನತ್ತ ತಿರುಗಿತು. ಅವನು ಲಿಂಬೆಕಾಯಿಯ ಚೀಲ ಎಡವಿ, ಗೇಟಿಗೆ ಓಡಿ, ಎದೆಯೊಡೆದು ಕೂಗಿದ: "ಅಪ್ಪಾ!"

ಅಂಗಳದಲ್ಲಿದ್ದ ಅಪ್ಪಂದಿರೆಲ್ಲ ತಿರುಗಿ ನೋಡಿದರು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನಡೆದಿದ್ದ ಒಬ್ಬ ಮಾತ್ರ ತಿರುಗಲಿಲ್ಲ. ಅವನು ಮತ್ತೆ ಆ ಊರಿಗೆ ಬರಲೂ ಇಲ್ಲ.