ಡೆಲ್ಬರ್ಟನ ಎಡಗಾಲು

ಡೆಲ್ಬರ್ಟ್ ನೈಕ್ವಿಸ್ಟ್ ಬಾಯಿ ಮುಚ್ಚಿಕೊಂಡಿದ್ದರೆ ಆ ಶನಿವಾರವೂ ಎಲ್ಲ ಶನಿವಾರಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಎದುರು ಮನೆಯ ಹೇಝಲ್ ಮರುದಿನ ಬೆಳಗಿನ ರೈಲಿಗೆ ನೆಬ್ರಾಸ್ಕಾದ ತಂಗಿಯ ಮನೆಗೆ ಹೊರಟಿದ್ದಳು. ಮತ್ತೆ ಬರುವವಳಲ್ಲ. ಹಾಲಿವುಡ್ಡಿನ ಆ ವಠಾರದಲ್ಲಿ ಆರು ವರ್ಷದಿಂದ ಡೆಲ್ಬರ್ಟ್ ಆ ವಿಧವೆಗೆ ಹೇಳಬೇಕಾದ ಮಾತನ್ನು ಗಂಟಲಲ್ಲೇ ಇಟ್ಟುಕೊಂಡಿದ್ದ.

ಅವಳು ಪಿಂಗಾಣಿ ತಟ್ಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತ, ಕುಣಿತದ ಚಿತ್ರಗಳ ನಾಯಕ ರೆಕ್ಸ್ ಲಾರಿಮರನ ಮಾತೆತ್ತಿದಳು. "ಅವನ ಮುಖ ಯಾರಿಗೆ ಬೇಕು. ಆ ಕಾಲಿನ ಸದ್ದಿದೆಯಲ್ಲ, ಅದನ್ನ ಕೇಳ್ತಾ ಜನ್ಮ ಕಳೀಬಹುದು."

"ಅದು ನನ್ನ ಕಾಲು," ಎಂದುಬಿಟ್ಟ ಡೆಲ್ಬರ್ಟ್.

ನಿಜವೇ. ಲಾರಿಮರ್ ಕ್ಯಾಮೆರಾದೆದುರು ಕುಣಿಯುವಾಗ ಹಾಡಿನ ಅಬ್ಬರದಲ್ಲಿ ಹೆಜ್ಜೆ ಯಾರಿಗೂ ಕೇಳುತ್ತಿರಲಿಲ್ಲ. ಆಮೇಲೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪರದೆ ನೋಡುತ್ತ, ಅಟ್ಟೆಗೆ ತಗಡು ಬಡಿದ ಬೂಟು ಹಾಕಿಕೊಂಡು, ಹಲಗೆಯ ಮೇಲೆ ಸದ್ದು ತುಂಬುತ್ತಿದ್ದವನು ಡೆಲ್ಬರ್ಟ್. ಹಿನ್ನೆಲೆ ಗಾಯಕರಿದ್ದ ಹಾಗೆ ಇವನದು ಹಿನ್ನೆಲೆ ಕಾಲು. ಬೋಳುತಲೆ, ಅಗಲ ಕಿವಿ. ಕ್ಯಾಮೆರಾದ ಮುಂದೆ ಬಾ ಎಂದು ಯಾರೂ ಕರೆದಿರಲಿಲ್ಲ. ಹೊರಗೆ ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ತಾಕೀತು ಬೇರೆ.

ಬೀಗದ ಕೈ ಕೇಳಲು ಬಂದಿದ್ದ ವಠಾರದ ಯಜಮಾನಿ ಮಿಸೆಸ್ ಗೋರ್ಮನ್ ಬಾಗಿಲಲ್ಲೇ ನಿಂತಿದ್ದಳು. ಆಕೆಯ ಕಿವಿಗೆ ಬಿದ್ದದ್ದು ಡಂಗುರ ಸಾರಿದ ಹಾಗೆ. ಮಧ್ಯಾಹ್ನದೊಳಗೆ ವಠಾರವೆಲ್ಲ ಅಂಗಳಕ್ಕೆ ಬಂದಿತ್ತು. ಯಾರೋ ಒಂದು ಬಾಗಿಲನ್ನೇ ಕಳಚಿ ತಂದು ನೆಲಕ್ಕೆ ಹಾಸಿದರು. ಅದು ತನ್ನ ಬಚ್ಚಲಿನದೇ ಎಂದು ಡೆಲ್ಬರ್ಟನಿಗೆ ಆಮೇಲೆ ತಿಳಿಯಿತು.

"ಕುಣಿಯಯ್ಯ, ನೋಡೇಬಿಡೋಣ," ಎಂದಳು ಮಿಸೆಸ್ ಗೋರ್ಮನ್. "ಲಾರಿಮರನ ಕಾಲು ನಿಂದಾದ್ರೆ, ಅವನ ಜೊತೆ ಕುಣಿಯೋ ಹುಡುಗಿ ಸೊಂಟ ನಂದು."

ಕೆಲಸ ಹೋದರೆ ಹೋಗಲಿ, ಹೇಝಲ್ ಉಳಿದರೆ ಸಾಕು ಎಂದುಕೊಂಡು ಡೆಲ್ಬರ್ಟ್ ತಗಡಿನ ಬೂಟು ಹಾಕಿಕೊಂಡು ಬಾಗಿಲು ಹತ್ತಿದ. ಮೊದಲ ಸುತ್ತಿನಲ್ಲೇ ಬಾಗಿಲ ಹಿಡಿಕೆಗೆ ಬೂಟು ಸಿಕ್ಕಿಕೊಂಡು, ಮಿಸೆಸ್ ಗೋರ್ಮನ್ ಒಣಹಾಕಿದ್ದ ಹಾಸಿಗೆ ಬಟ್ಟೆಗಳ ನಡುವೆ ಹೋಗಿ ಬಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಎದ್ದು ಮೈ ಕೊಡವಿಕೊಂಡು, ಕಣ್ಣು ಮುಚ್ಚಿಕೊಂಡು ಕೇಳುವಂತೆ ಹೇಝಲಳಿಗೆ ಮಾತ್ರ ಹೇಳಿ, ಮತ್ತೆ ಕುಣಿದ. ಹುಡುಗನಾಗಿದ್ದಾಗ ಮಿನೆಸೋಟಾದ ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿದ್ದು ಮುರಿದುಕೊಂಡ ಎಡಗಾಲು ಪ್ರತಿ ಸುತ್ತಿನ ಕೊನೆಗೆ ಒಂದಿಷ್ಟು ಎಳೆಯುತ್ತಿತ್ತು. ನಗು ನಿಂತುಹೋಯಿತು.

ಹೇಝಲಳ ಮುಚ್ಚಿದ ಕಣ್ಣಿಂದ ನೀರಿಳಿಯಿತು. "ಅದೇ. ಎಡಗಾಲಿನ ಆ ಎಳೆತ ಕೂಡ ಅದೇ."

ಆರು ವರ್ಷದ ಮಾತು ಡೆಲ್ಬರ್ಟನ ನಾಲಿಗೆ ತುದಿಗೆ ಬಂತು.

"ಲಾರಿಮರನನ್ನ ಎಷ್ಟು ಸಲ ನೋಡಿ ಕಲಿತ್ರೋ ಪಾಪ, ಡೆಲ್ಬರ್ಟ್ ಅವ್ರೇ," ಎಂದಳು ಹೇಝಲ್.

ಅವನು ಆಣೆ ಹಾಕಿದ. ಹಾಕಿದಷ್ಟೂ ಅವಳ ಮುಖದಲ್ಲಿ ಮರುಕ ಹೆಚ್ಚಿತು. ಒಂಟಿಯಾಗಿರುವವರಿಗೆ ಹೀಗೆಲ್ಲ ಅನ್ನಿಸುವುದುಂಟು, ತಾನೂ ಗಂಡನ ಟೋಪಿಯ ಜೊತೆ ಮಾತಾಡುತ್ತಿದ್ದೆ ಎಂದು ಸಮಾಧಾನ ಹೇಳಿದಳು. ಮಿಸೆಸ್ ಗೋರ್ಮನ್ ರೋಗಿಗೆ ಕೊಡುವ ಹಾಗೆ ಕೋಳಿ ಸೂಪು ಕಳಿಸಿದಳು. ಸಂಜೆ ಹೇಝಲ್ ತಾನೇ ಅವನನ್ನು ಲಾರಿಮರನ ಹೊಸ ಚಿತ್ರಕ್ಕೆ ಕರೆದೊಯ್ದಳು.

ಕತ್ತಲಲ್ಲಿ ಅವಳು ಅವನ ಕೈ ಹಿಡಿದುಕೊಂಡಾಗ ಅವನ ಮೈ ಜುಮ್ಮೆಂದಿತು. ಪರದೆಯಲ್ಲಿ ಲಾರಿಮರ್ ಗಿರಕಿ ಹೊಡೆದ. ಥಿಯೇಟರಿನ ತುಂಬ ಡೆಲ್ಬರ್ಟನ ಕಾಲು ಸದ್ದು ಮಾಡಿತು.

ಅವಳು ಕಿವಿಯ ಹತ್ತಿರ ಬಾಗಿದಳು. "ಬೇಜಾರು ಮಾಡ್ಕೋಬೇಡಿ, ನಿಮ್ಮದೂ ಚೆನ್ನಾಗಿತ್ತು. ಆದ್ರೆ ಇದ್ರಲ್ಲಿ ಜೀವ ಇದೆ, ಅಲ್ವಾ?"

"ಹೌದು," ಎಂದ ಡೆಲ್ಬರ್ಟ್.

ಬೆಳಿಗ್ಗೆ ಅವಳ ಪೆಟ್ಟಿಗೆಯನ್ನು ಅವನೇ ಹೊತ್ತು ರೈಲಿಗೇರಿಸಿದ. ಅವಳು ಕಿಟಕಿಯಿಂದ, ತಂಗಿಯ ಊರಲ್ಲೂ ಒಂದು ಥಿಯೇಟರ್ ಇದೆಯಂತೆ ಎಂದಳು. "ಆ ಕಾಲು ಅಲ್ಲಿಗೂ ಬರತ್ತೆ. ಒಬ್ಬಳೇ ಇದೀನಿ ಅಂತ ಅನ್ಸಲ್ಲ."

ಸೋಮವಾರ ಹೊಸ ಕುಣಿತಕ್ಕೆ ಸದ್ದು ತುಂಬುವುದಿತ್ತು. ಡೆಲ್ಬರ್ಟ್ ಕಣ್ಣೊರೆಸಿಕೊಂಡು ಹಲಗೆ ಹತ್ತಿದ, ನೆಬ್ರಾಸ್ಕಾದವರೆಗೆ ಕೇಳಲಿ ಎಂದು ಎಡಗಾಲನ್ನು ಇನ್ನಷ್ಟು ಎಳೆದ.