ಎಪ್ಪತ್ತೆರಡು ಡಿಗ್ರಿಯ ಚೀಲ

ಮನೆಯಲ್ಲಿ ಹೊಲಿದ ಬಟ್ಟೆಯ ಚೀಲ ಅನ್ನವನ್ನು ಐದು ತಾಸು ಬಿಸಿಯಾಗಿ ಇಡಬಲ್ಲದು ಎಂಬುದು ನಿಜವೇ ಆಗಿದ್ದರೂ, ಡೊಂಬಿವಲಿ ಪೂರ್ವದಲ್ಲಿ ಕಳೆದ ವರ್ಷದ ತನಕ ಅದು ಮಂಜೂರಾಗಿರಲಿಲ್ಲ.

ಮಂಜೂರಾಗದ ಈ ಸತ್ಯ ಹುಟ್ಟಿದ್ದು ಜಯಲತಾಳ ಗ್ಯಾಲರಿಯಲ್ಲಿ. ಗ್ಯಾಲರಿ ಎಂದರೆ ನಾಲ್ಕಡಿಗೆ ಮೂರಡಿಯ ಬಾಲ್ಕನಿ. ಅದರಲ್ಲಿ ಅವಳ ಹೊಲಿಗೆ ಮೆಷಿನ್, ಮೆಷಿನಿನ ಹಿಂದೆ ಅವಳು. ಗಂಡ ರಂಜನ್‌ಗೆ ರಬಾಳೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ಏಳು ನಲವತ್ತರ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಮಧ್ಯಾಹ್ನ ಒಂದಕ್ಕೆ ಅವನು ಡಬ್ಬಿ ತೆರೆಯುವಷ್ಟರಲ್ಲಿ ಅನ್ನ ಇಟ್ಟಿಗೆಯಾಗಿರುತ್ತಿತ್ತು. ಜಯಲತಾ ಒಂದು ಭಾನುವಾರ ಕೂತು ಚೀಲ ಹೊಲಿದಳು. ಹೊರಗೆ ಹಳೆಯ ಜೀನ್ಸ್, ನಡುವೆ ಹರಿದ ರಗ್ಗು, ಒಳಗೆ ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುತ್ತಾರಲ್ಲ, ಆ ಬೆಳ್ಳಿಬಣ್ಣದ ಹಾಳೆ. ಅವರಿಗೆ ಕಾರಿರಲಿಲ್ಲ, ಸ್ಟೇಷನ್ ಹೊರಗೆ ಮಾರುವವನು ಕೇಳಲೂ ಇಲ್ಲ. ಬೆಳ್ಳಿಹಾಳೆ ಮೆಷಿನಿನ ಪಾದಕ್ಕೆ ಅಂಟಿ ಹಟ ಹಿಡಿದಾಗ ಮೇಲೊಂದು ಪೇಪರಿನ ತುಂಡಿಟ್ಟು ಹೊಲಿದು, ಆಮೇಲೆ ಪೇಪರು ಹರಿದು ತೆಗೆದಳು. ಮೂರು ಸೂಜಿ ಮುರಿದವು.

ಮರುದಿನ ಒಂದು ಗಂಟೆಗೆ ಫೋನು. "ಜಯಾ, ಸಾರಿನಿಂದ ಹಬೆ ಬರ್ತಾ ಉಂಟು ಮಾರಾಯ್ತಿ! ಊದಿ ಊದಿ ತಿಂದೆ."

"ಹಾಗಾದ್ರೆ ನನ್ನ ಮೆಷಿನ್?"

"ಅದು ಬೇರೆ ವಿಷಯ."

ಬೇರೆ ವಿಷಯ ಏನೆಂದರೆ, ರಂಜನ್ ವಾಷಿಂಗ್ ಮೆಷಿನ್ ಬುಕ್ ಮಾಡಿದ್ದ. ಗ್ಯಾಲರಿಯಲ್ಲಿ ಎರಡು ಮೆಷಿನ್ ಹಿಡಿಸುವುದಿಲ್ಲ. ಹೊಲಿಗೆ ಮೆಷಿನ್ ಬದಲಾಪುರಕ್ಕೆ, ಅವನ ತಂಗಿ ಶ್ರದ್ಧಾಳ ಮನೆಗೆ ಹೋಗತಕ್ಕದ್ದು ಎಂದು ತೀರ್ಮಾನವಾಗಿತ್ತು. ಶ್ರದ್ಧಾಳಿಗೆ ಸೂಜಿಗೆ ದಾರ ಪೋಣಿಸಲು ಬಾರದು, ಆದರೆ ಅವಳಲ್ಲಿ ಜಾಗವಿತ್ತು. ಜಯಲತಾ ಮೂರು ದಿನ ಮಾತು ಬಿಟ್ಟ ಮೇಲೆ ರಂಜನ್ ಒಂದು ಷರತ್ತಿಗೆ ಬಂದ: "ಮಂಡಳಿಯ ಆರ್ಡರ್ ಸಿಕ್ಕಿದ್ರೆ ಇರ್ಲಿ. ಇಲ್ಲದಿದ್ರೆ ಬದಲಾಪುರ."

ಮಂಡಳಿ ಎಂದರೆ ಅಲ್ಲಿನ ಕರಾವಳಿ ಕನ್ನಡಿಗರ ಸ್ನೇಹ ಮಂಡಳಿ. ಬೆಳ್ಳಿಹಬ್ಬಕ್ಕೆ ಇನ್ನೂರು ಸದಸ್ಯ ಕುಟುಂಬಗಳಿಗೆ ಊಟದ ಚೀಲ ಉಡುಗೊರೆ ಕೊಡುವುದೆಂದೂ, ಅದನ್ನು ಸದಸ್ಯೆಯೊಬ್ಬಳೇ ಹೊಲಿಯಬೇಕೆಂದೂ ಠರಾವಾಗಿತ್ತು. ನೋಟಿಸ್ ಬೋರ್ಡಿನ ಪ್ರಕಟಣೆ ಹೀಗಿತ್ತು:

"ಚೀಲವು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಬಿಸಿಯನ್ನು ಕಾಪಾಡತಕ್ಕದ್ದು. ಬಿಸಿ ಎಂದರೆ ಅರವತ್ತು ಡಿಗ್ರಿ. ಸದರಿ ಬಿಸಿಯು ಚೀಲದೊಳಗೇ ಇದೆ ಎಂಬುದನ್ನು ಪರೀಕ್ಷಾ ಸಮಿತಿಯು ಹತ್ತು ನಿಮಿಷಕ್ಕೊಮ್ಮೆ ತೆರೆದು ಖಚಿತಪಡಿಸಿಕೊಳ್ಳತಕ್ಕದ್ದು. ರುಚಿ ನೋಡುವ ಹಕ್ಕನ್ನು ಸಮಿತಿ ಕಾಯ್ದಿರಿಸಿಕೊಂಡಿದೆ."

ಬರೆದವರು ಕಾರ್ಯದರ್ಶಿ ಮುಂಡಪ್ಪಣ್ಣ. ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ದೇಶದೇಶಗಳ ಕಸ್ಟಮ್ಸಿನವರು ಪೆಟ್ಟಿಗೆಗಳನ್ನು ನೋಡುತ್ತಾರೆ. ಮುಂಡಪ್ಪಣ್ಣ ಮನುಷ್ಯರನ್ನೂ ತೂಕಕ್ಕಿಡುವಂತೆ ನೋಡುತ್ತಿದ್ದರು. ಅಧ್ಯಕ್ಷರು ಸಂಕರ್ಷಣ ರಾಯರು. ಕೋಪರಿಯಲ್ಲಿ ಶಾಕಾಹಾರಿ ಹೋಟೆಲು, ದಿನಕ್ಕೆ ಮುನ್ನೂರು ಊಟದ ಪಾರ್ಸೆಲ್ ಆಫೀಸುಗಳಿಗೆ ಹೋಗುತ್ತಿತ್ತು. ದುಡಿಯುವ ಜನ ಬಿಸಿಯೂಟ ಉಣ್ಣಬೇಕೆಂಬುದು ರಾಯರ ಬಹುದಿನದ ಕನಸು. ಯಾರ ಮನೆಯ ಊಟ ಎಂಬ ಬಗ್ಗೆ ಮಾತ್ರ ಅವರಿಗೊಂದು ಅಭಿಪ್ರಾಯವಿತ್ತು.

ಪರೀಕ್ಷೆಯ ದಿನ ಜಯಲತಾ ಅನ್ನ, ಸಾರು, ಬೀನ್ಸ್ ಪಲ್ಯ ತುಂಬಿಸಿ ಚೀಲವನ್ನು ಮೇಜಿನ ಮೇಲಿಟ್ಟಳು. ಜೊತೆಗೆ ಮಗಳು ಮಾನಸಿ. ರಾಯರು ಹೋಟೆಲಿನಿಂದ ಹಾಲಿಗೆ ಅದ್ದುವ ಥರ್ಮಾಮೀಟರ್ ತಂದಿದ್ದರು. ಒಂಬತ್ತಕ್ಕೆ ಎಪ್ಪತ್ತೆರಡು ಡಿಗ್ರಿ. ಒಂಬತ್ತು ಹತ್ತಕ್ಕೆ ಜಿಪ್ ತೆರೆದರು, ಡಬ್ಬಿ ತೆರೆದರು, ಅದ್ದಿದರು, ಸಮಿತಿಯ ಐದೂ ಮಂದಿ ಒಂದೊಂದು ತುತ್ತು ರುಚಿ ನೋಡಿದರು. ಒಂಬತ್ತು ಇಪ್ಪತ್ತಕ್ಕೆ ಮತ್ತೆ. ಒಂಬತ್ತೂವರೆಗೆ ಮತ್ತೆ.

"ಮಮ್ಮಿ, ಬಾರ್ ಬಾರ್ ಖೋಲೇಂಗೆ ತೋ ಠಂಡಾ ಹೀ ಹೋಗಾ ನಾ!" ಎಂದಳು ಮಾನಸಿ.

ಮುಂಡಪ್ಪಣ್ಣ ಪುಸ್ತಕದಲ್ಲಿ ಬರೆದುಕೊಂಡರು: ಸಾರ್ವಜನಿಕರಿಂದ ಅಡಚಣೆ, ಒಂದು.

"ಅವಳು ಹೇಳಿದ್ದು ಸರಿಯಲ್ವಾ ಮುಂಡಪ್ಪಣ್ಣ?" ಎಂದಳು ಜಯಲತಾ. "ತೆಗೆದು ತೆಗೆದು ನೋಡಿದ್ರೆ ಬಿಸಿ ನಿಲ್ಲುದು ಹೇಗೆ?"

"ನೋಡದಿದ್ರೆ ನಿಂತಿದೆ ಅಂತ ಗೊತ್ತಾಗುದು ಹೇಗಮ್ಮ?" ಎಂದರು ಮುಂಡಪ್ಪಣ್ಣ, ಪಲ್ಯ ನುಂಗಿ. "ಉಪ್ಪು ಸ್ವಲ್ಪ ಮುಂದೆ."

ಹತ್ತೂವರೆಗೆ ಮೂವತ್ತೆಂಟು ಡಿಗ್ರಿ. ಹನ್ನೊಂದಕ್ಕೆ ಅದ್ದಲು ಅನ್ನವೇ ಇರಲಿಲ್ಲ. ನಡಾವಳಿಯಲ್ಲಿ ದಾಖಲಾಯಿತು: "ಅನ್ನ ಶೂನ್ಯ, ಆದ್ದರಿಂದ ಶಾಖವೂ ಶೂನ್ಯ. ಚೀಲ ಅನುತ್ತೀರ್ಣ." ರಾಯರು ಸಹಿ ಹಾಕಿ ಕೈ ತೊಳೆದರು. "ಬೇಜಾರು ಮಾಡ್ಬೇಡಿ. ನಮ್ಮ ಹೋಟೆಲ್‌ನಿಂದ ಬೆಳ್ಳಿಹಬ್ಬಕ್ಕೆ ಎಲ್ಲರಿಗೂ ಪಾರ್ಸೆಲ್ ಊಟವೇ ಕೊಟ್ರೆ ಹೇಗೆ ಅಂತ ನನಗೊಂದು ಆಲೋಚನೆ."

ಅದೇ ಸಂಜೆ ವಾಷಿಂಗ್ ಮೆಷಿನ್ ಬಂತು. ಪೆಟ್ಟಿಗೆಯ ಸಮೇತ ಹಾಲ್‌ನಲ್ಲಿ ನಿಂತು, ಗ್ಯಾಲರಿಯ ಕಡೆ ಮುಖಮಾಡಿ ಕಾಯತೊಡಗಿತು. ರಂಜನ್ ಟೆಂಪೋದವನಿಗೆ ಫೋನ್ ಮಾಡಿ ಬದಲಾಪುರಕ್ಕೆ ಎಷ್ಟು ಎಂದು ಕೇಳುವುದು ಜಯಲತಾಳ ಕಿವಿಗೆ ಬಿತ್ತು.

ಮರುದಿನ ಅವಳು ಮುಂಡಪ್ಪಣ್ಣನ ಮನೆಗೇ ಹೋದಳು.

"ಅಣ್ಣ, ಒಂದು ಕೇಳ್ತೇನೆ. ನಿಮ್ಮ ಪಾರ್ಸೆಲ್ ಆಫೀಸ್‌ನಲ್ಲಿ ಮೂಟೆ ಬಿಚ್ಚಿ ಬಿಚ್ಚಿ ನೋಡ್ತಿದ್ರಾ?"

ಮುಂಡಪ್ಪಣ್ಣನ ಮುಖಕ್ಕೆ ನೋವಾಯಿತು. "ಛೆ! ಬಾಯಿ ಹೊಲಿದ ಮೂಟೆಗೆ ಕೈ ಹಾಕುದುಂಟಾ? ಹೊಲಿಗೆ ಸರಿ ಉಂಟು ಅಂದ್ರೆ ಒಳಗಿನ ಮಾಲು ಬುಕ್ ಮಾಡುವಾಗ ಹೇಗಿತ್ತೋ ಹಾಗೇ ಉಂಟು ಅಂತ ಲೆಕ್ಕ. ಅದು ಪದ್ಧತಿ."

"ನಾನೂ ಬಾಯಿ ಹೊಲಿದು ತಂದ್ರೆ?"

ಮುಂಡಪ್ಪಣ್ಣ ಕನ್ನಡಕ ತೆಗೆದು ಒರೆಸಿದರು. ನಿವೃತ್ತರಾದ ಮೇಲೆ ಯಾರೂ ಅವರ ಹತ್ತಿರ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಮರುಪರೀಕ್ಷೆಯಲ್ಲಿ ಜಯಲತಾ ಎರಡನೆಯ ಚೀಲ ಇಟ್ಟಳು. ಒಂಬತ್ತಕ್ಕೆ ಎಪ್ಪತ್ತೆರಡು ಡಿಗ್ರಿ ಬರೆದುಕೊಂಡ ಮೇಲೆ, ಎಲ್ಲರೆದುರು ಹದಿನೆಂಟು ನಂಬರಿನ ಸೂಜಿಯಿಂದ ಬಾಯಿಯನ್ನು ಮೂರು ಸಾಲು ಹೊಲಿದಳು. ಮುಂಡಪ್ಪಣ್ಣ ಅರಗು ಕಾಯಿಸಿ ಸೀಲು ಒತ್ತಿದರು. ಸಮಿತಿ ಒಂದು ಗಂಟೆಯ ತನಕ ಚೀಲವನ್ನು ದಿಟ್ಟಿಸಿ ನೋಡಿತು. ಹೊಲಿಗೆ ಬಿಟ್ಟಿರಲಿಲ್ಲ. ಆದ್ದರಿಂದ ಒಳಗೆ ಎಪ್ಪತ್ತೆರಡು ಡಿಗ್ರಿ. ಬೇಕಾದ್ದಕ್ಕಿಂತ ಹನ್ನೆರಡು ಹೆಚ್ಚು ಬಂದ ಕಾರಣ ವಿಶೇಷ ಶ್ರೇಣಿ ಕೊಡಲಾಯಿತು.

"ತೆರೆದ ಕೂಡಲೇ ಪ್ರಮಾಣಪತ್ರ ರದ್ದು," ಎಂದು ಮುಂಡಪ್ಪಣ್ಣ ಕೊನೆಗೊಂದು ಸಾಲು ಸೇರಿಸಿದರು.

ಸಂಕರ್ಷಣ ರಾಯರು ಆ ಸಾಲನ್ನು ಎರಡು ಸಲ ಓದಿದರು. ಮುಖ ಅರಳಿತು. "ಅಂದ್ರೆ ಚೀಲ ಇದ್ದವರು ಊಟ?"

"ಹೊರಗೆ ಮಾಡ್ಬೇಕಾಗ್ತದೆ," ಎಂದರು ಮುಂಡಪ್ಪಣ್ಣ.

"ಇನ್ನೂರು ಸಾಲುದಿಲ್ಲ," ಎಂದರು ರಾಯರು. "ನಾನೂರು ಹೊಲಿಸುವ."

ಬೆಳ್ಳಿಹಬ್ಬದಲ್ಲಿ ಚೀಲ ಹಂಚಿದರು. ಒಳಗೆ ಏನೂ ಇರಲಿಲ್ಲ, ಬಾಯಿ ಹುಟ್ಟಿನಿಂದಲೇ ಹೊಲಿದಿತ್ತು. ಮಾದರಿ ಚೀಲ ಉತ್ತೀರ್ಣವಾದ ಮೇಲೆ ಉಳಿದವೂ ಬಿಸಿ ಎಂದೇ ಪರಿಗಣಿತ. ಜಿಪ್ ಬೇಡವಾದ್ದರಿಂದ ಜಯಲತಾಳ ಕೆಲಸವೂ ಹಗುರವಾಯಿತು. ಸದಸ್ಯರು ಚೀಲವನ್ನು ಹೆಗಲಿಗೆ ಹಾಕಿ ಕಲ್ಯಾಣ, ಠಾಣೆ, ವಾಶಿಗೆ ಹೋಗುತ್ತಾರೆ. ಚೀಲ ತೋರಿಸಿದವರಿಗೆ ಕೋಪರಿಯ ಹೋಟೆಲಿನಲ್ಲಿ ಹಪ್ಪಳ ಉಚಿತ. ಆದ್ದರಿಂದ ಚೀಲದ ಆರ್ಡರ್ ಇನ್ನೂ ನಿಂತಿಲ್ಲ.

ಮಾದರಿ ಚೀಲ ಮಂಡಳಿಯ ಗಾಜಿನ ಕಪಾಟಿನಲ್ಲಿ ಶೀಲ್ಡುಗಳ ಪಕ್ಕ ಇದೆ. ಎರಡನೆಯ ವಾರ ಕಪಾಟಿನಿಂದ ವಾಸನೆ ಬರತೊಡಗಿದಾಗ ತೆರೆಯಬೇಕೇ ಎಂಬ ಪ್ರಶ್ನೆ ಸಭೆಯ ಮುಂದೆ ಬಂತು. ತೆರೆದರೆ ನಾನೂರು ಚೀಲ ಒಟ್ಟಿಗೆ ತಣ್ಣಗಾಗುತ್ತವೆ ಎಂದು ಮುಂಡಪ್ಪಣ್ಣ ಎಚ್ಚರಿಸಿದರು. ಊದುಬತ್ತಿ ಹಚ್ಚಲು ತೀರ್ಮಾನವಾಯಿತು. ಊದುಬತ್ತಿ ಕಂಡವರು ಈಗ ಕೈಮುಗಿದೇ ಒಳಗೆ ಬರುತ್ತಾರೆ. ನಡಾವಳಿಯ ಪ್ರಕಾರ ಅನ್ನ ಇಂದಿಗೂ ಎಪ್ಪತ್ತೆರಡು ಡಿಗ್ರಿ.

ವಾಷಿಂಗ್ ಮೆಷಿನ್ ಪೆಟ್ಟಿಗೆಯಿಂದ ಹೊರಬರಲಿಲ್ಲ. ಬಟ್ಟೆ ಕತ್ತರಿಸಲು ಅದರ ಎತ್ತರ ಸರಿಯಾಗಿತ್ತು. ರಂಜನ್ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕುವುದನ್ನು ಕಲಿತ. ಅನುತ್ತೀರ್ಣವಾದ ಮೊದಲ ಚೀಲ ಅವನ ಪಾಲಿಗೆ ಬಂದಿದೆ. ಅದನ್ನು ಹೊರಗಿನವರಿಗೆ ಕಾಣದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗುತ್ತಾನೆ.

ಮೊನ್ನೆ ಸಂಜೆ ಬಂದವನು ಬಾಯಿ ತೆರೆದು ತೋರಿಸಿದ. "ಜಯಾ, ನೋಡು. ನಿನ್ನ ಸಾರಿನಲ್ಲಿ ನಾಲಿಗೆ ಸುಟ್ಟಿತು."

ಜಯಲತಾ ಮೆಷಿನಿನಿಂದ ಕಾಲು ತೆಗೆಯದೆ, ನಾನೂರ ಹನ್ನೊಂದನೆಯ ಚೀಲದ ಬಾಯಿ ಮುಚ್ಚುತ್ತ ಹೇಳಿದಳು, "ಹೇಗೆ ಸುಡ್ತದೆ ಮಾರಾಯ್ರೆ? ಅದು ಫೇಲಾದ ಚೀಲ."

ರಂಜನ್ ಸ್ವಲ್ಪ ಹೊತ್ತು ಯೋಚಿಸಿದ. ಹೌದಲ್ಲ ಅನ್ನಿಸಿತು. ಬಾಯಿ ಮುಚ್ಚಿ, ಬಟ್ಟೆ ಹಿಂಡಲು ಹೋದ.