ಪಂಚಾಕ್ಷರಪ್ಪನವರನ್ನು ಸುಟ್ಟ ತಪ್ಪಿಗೆ

ಕತೆಯಲ್ಲಿ ಒಬ್ಬನನ್ನು ಕೊಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ. ಕೊಂದ ಮೇಲೆ ಓದುಗರಿಗೆ ಉತ್ತರ ಹೇಳುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ಕಡೂರಿನ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾನು ಒಂಬತ್ತು ವರ್ಷಗಳಿಂದ ಕೊಲೆಯ ಕತೆಗಳನ್ನು ಬರೆಯುತ್ತಿದ್ದೇನೆ. ಈವರೆಗೆ ಹತ್ತೊಂಬತ್ತು ಜನರನ್ನು ಮುಗಿಸಿದ್ದೇನೆ. ಯಾವ ಪತ್ರಿಕೆಯವರೂ ಇವರನ್ನು ಹಾಕಿಕೊಳ್ಳಲಿಲ್ಲವಾದ್ದರಿಂದ ನಾನೇ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಪ್ರತಿ ಶುಕ್ರವಾರ ಒಂದೊಂದು ಅಧ್ಯಾಯ ಕಳಿಸುತ್ತೇನೆ. ಓದುಗರು ನಲವತ್ತೊಂದು ಜನ. ಅವರಲ್ಲಿ ಆರು ಜನ ನೆಂಟರು. ಗ್ರೂಪ್ ಬಿಟ್ಟರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಉಳಿದುಕೊಂಡವರು.

ಓದುಗರ ಮಾತನ್ನು ಅಳೆದು ತೂಗುವುದಕ್ಕೆ ನನ್ನದೇ ಒಂದು ಕ್ರಮವಿದೆ. "ಇಂಥದ್ದೆಲ್ಲ ಯಾಕ್ರೀ ಬರೀತೀರಾ, ಒಂದೊಳ್ಳೆ ಸಂಸಾರದ ಕತೆ ಬರೀರಿ" ಎನ್ನುವವರಿಗೆ ಕೈಮುಗಿಯುವ ಚಿತ್ರವೊಂದನ್ನು ಕಳಿಸಿ ಮುಂದಿನ ಕೊಲೆಗೆ ಹೋಗುತ್ತೇನೆ. ಅಜ್ಜಂಪುರದಲ್ಲಿ ಬೀಜದಂಗಡಿ ಇಟ್ಟಿರುವ ಪರಮೇಶ ವಾರ ವಾರವೂ "ರಕ್ತ ಸಾಲ್ದು ಸಾರ್" ಎಂದು ಬರೆಯುತ್ತಾನೆ. ಇವನ ಮಾತು ಕೇಳಿದರೆ ಕೊಲೆ ಪತ್ತೆ ಮಾಡಲು ಪತ್ತೇದಾರನೂ ಉಳಿಯುವುದಿಲ್ಲ. ತರೀಕೆರೆಯ ಮುಮ್ತಾಜ್ ಸಿಸ್ಟರ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರು "ಅಣ್ಣಾ, ಅಲ್ಲಿ ಚುಚ್ಚಿದ್ರೆ ಮನುಷ್ಯ ಸಾಯಲ್ಲ, ಬರೀ ಬೈತಾನೆ" ಎಂದರೆ ಎರಡು ಮಾತಾಡದೆ ಚಾಕುವನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸುತ್ತೇನೆ. ನನ್ನ ಹೆಂಡತಿ ಗಿರಿಜಾಳದು ಒಂದೇ ತಕರಾರು. "ದೀಪ ಹಚ್ಚೋ ಹೊತ್ತಲ್ಲಿ ಹೆಣದ ಮಾತು ಬರೀಬೇಡಿ ಕಣ್ರೀ, ಅಸ್ತು ದೇವತೆಗಳು ಓಡಾಡ್ತಿರ್ತಾರೆ." ಹೀಗಾಗಿ ನನ್ನ ಕೊಲೆಗಳೆಲ್ಲ ಬೆಳಗಿನ ಕಾಫಿಗಿಂತ ಮುಂಚೆಯೇ ನಡೆದುಹೋಗುತ್ತವೆ.

ಹೀಗೆ ನಿಭಾಯಿಸಿಕೊಂಡು ಬರುತ್ತಿದ್ದವನು ಈಚೆಗೆ ಎಡವಿದೆ. ಹೊಸ ಕತೆಯಲ್ಲಿ ಪಂಚಾಕ್ಷರಪ್ಪ ಎಂಬ ಕೊಬ್ಬರಿ ವ್ಯಾಪಾರಿಗೆ ಅವರ ಪಾಲುದಾರ ಹಾಲಿನಲ್ಲಿ ವಿಷ ಹಾಕುತ್ತಾನೆ. ಹೃದಯಾಘಾತ ಎಂದು ಊರಿಗೆಲ್ಲ ಸಾರಿ, ಬೆಳಕು ಹರಿಯುವಷ್ಟರಲ್ಲಿ ಚಿತೆಗೆ ಬೆಂಕಿ ಇಡುತ್ತಾನೆ. ಸಾಕ್ಷಿ ಬೂದಿಯಾಯಿತು. ಇನ್ನು ಹದಿನಾಲ್ಕು ಅಧ್ಯಾಯ ಇನ್ಸ್‌ಪೆಕ್ಟರು ತಲೆ ಕೆರೆದುಕೊಳ್ಳಬೇಕು. ಇಂಥ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಎರಡನೆಯ ಅಧ್ಯಾಯ ಕಳಿಸಿದೆ.

ಶನಿವಾರ ಬೆಳಿಗ್ಗೆ ನೋಡಿದರೆ ಫೋನಿನಲ್ಲಿ ಸಂದೇಶಗಳ ರಾಶಿ. ವಿಷದ ಬಗ್ಗೆ ಒಬ್ಬರದೂ ಚಕಾರವಿಲ್ಲ. "ದಿನಾ ಮೂರು ಹೊತ್ತು ಲಿಂಗಪೂಜೆ ಮಾಡೋ ಯಜಮಾನ್ರನ್ನ ಸುಟ್ಟುಬಿಟ್ರಲ್ಲ ಸಾರ್" ಎಂದು ರಕ್ತ ಸಾಲದ ಪರಮೇಶನೇ ನೊಂದುಕೊಂಡಿದ್ದ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಮೊದಲ ಅಧ್ಯಾಯದಲ್ಲಿ ಪಂಚಾಕ್ಷರಪ್ಪನವರ ಹಣೆಗೆ ಮೂರು ಬೆರಳಿನ ವಿಭೂತಿ ಬಳಿದವನೂ ನಾನೇ, ಎರಡನೆಯದರಲ್ಲಿ ಕಟ್ಟಿಗೆ ಒಟ್ಟಿದವನೂ ನಾನೇ. ಸಿನಿಮಾ ನೋಡಿ ನೋಡಿ ಹೆಣ ಎಂದರೆ ಚಿತೆ ಎಂದು ತಲೆಯಲ್ಲಿ ಕೂತಿತ್ತು. ಮುಮ್ತಾಜ್ ಸಿಸ್ಟರ್ ಫೋನನ್ನೇ ಮಾಡಿದರು. "ಅಣ್ಣಾ, ನಾವೂ ಮಣ್ಣು ಮಾಡೋರು, ನೀವೂ ಮಣ್ಣು ಮಾಡೋರು. ನನಗೆ ಗೊತ್ತಿರೋದು ನಿಮಗೆ ಗೊತ್ತಿಲ್ವಾ?"

ಇದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಸಂದೇಶಗಳ ಕೊನೆಯಲ್ಲಿ ಒಂದು ಸಣ್ಣ ಸಾಲಿತ್ತು. ಹಿರೇನಲ್ಲೂರಿನ ನನ್ನ ಸೋದರಮಾವ ಓಂಕಾರಪ್ಪ ಗ್ರೂಪ್ ಬಿಟ್ಟು ಹೋಗಿದ್ದರು. ಪಂಚಾಕ್ಷರಪ್ಪ ಬೇರೆ ಯಾರೂ ಅಲ್ಲ, ಮಾವನೇ. ಮಣಿಕಟ್ಟಿನ ಒಳಗಡೆಗೆ ವಾಚು ಕಟ್ಟುವುದು, ಸತತ ಮೂರು ಸಲ ಸೀನುವುದು, ಎಲ್ಲವೂ ಅವರದೇ. ಹೆಸರು ಬದಲಾಯಿಸಿದ್ದೆ, ಮನುಷ್ಯನನ್ನು ಬದಲಾಯಿಸಲು ಸೋಮಾರಿತನ. "ಮಕ್ಕಳಿಲ್ಲದ ಹಿರಿಯರು. ಮೊದಲು ಹೋಗಿ ಕಾಲಿಗೆ ಬೀಳಿ" ಎಂದಳು ಗಿರಿಜಾ.

ಭಾನುವಾರ ಹಿರೇನಲ್ಲೂರಿಗೆ ಬೈಕಿನಲ್ಲಿ ಹೋದೆ. ಮಾವ ಜಗಲಿಯಲ್ಲಿ ಕೂತಿದ್ದರು. ಅತ್ತೆ ಮಂಡಕ್ಕಿ ತಂದಿಟ್ಟು, "ನಿಮ್ಮಾವ ಎರಡು ದಿನದಿಂದ ಸರ್ಯಾಗಿ ಉಂಡಿಲ್ಲ ಕಣಪ್ಪ" ಎಂದು ಒಳಗೆ ಹೋದರು. ನಾನು ತಲೆ ತಗ್ಗಿಸಿ, ಕತೆಗೆ ಬೇಕಾಗಿತ್ತು, ತಪ್ಪಾಯಿತು ಎಂದೆ.

"ವಿಷ ಹಾಕ್ಸಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೋ," ಎಂದರು ಮಾವ. "ಹಾಲಲ್ಲಿ ಹಾಕ್ಸಿದೀಯ, ಚೆನ್ನಾಗೇ ಇತ್ತು. ಆದ್ರೆ ಸುಟ್ಯಲ್ಲೋ."

"ಹೂಳಿದ್ರೆ ಪೊಲೀಸ್ರು ತೆಗೆಸಿ ಪರೀಕ್ಷೆ ಮಾಡ್ತಾರೆ ಮಾವ. ವಿಷ ಸಿಕ್ಕಿಬಿಡುತ್ತೆ. ನಾಲ್ಕೇ ಅಧ್ಯಾಯಕ್ಕೆ ಕತೆ ಮುಗಿದ್ಹೋಗುತ್ತೆ."

"ಮುಗೀಲಿ. ನಾನು ಹೋದಾಗ ಮುಂದೆ ನಿಂತು ಮಾಡ್ಬೇಕಾದವ್ನು ನೀನೊಬ್ನೇ. ನಿನ್ ಕತೆ ಓದಿದ್ಮೇಲೆ ನಂಗೆ ಭಯ ಆಗೋಯ್ತು. ಹೇಳು ನೋಡಣ, ಗುಂಡಿ ಎಷ್ಟು ಆಳ ತೆಗೆಸ್ತೀಯ?"

ನನ್ನ ಅಪ್ಪ ತೀರಿಕೊಂಡ ದಿನ ಎಲ್ಲವನ್ನೂ ಮುಂದೆ ನಿಂತು ಮಾಡಿಸಿದವರು ಇದೇ ಮಾವ. ನಾನು ಶಾಮಿಯಾನದವನ ಹತ್ತಿರ ಕುರ್ಚಿ ಸಾಲದೆಂದು ಜಗಳವಾಡುತ್ತಿದ್ದೆ. ಹತ್ತೊಂಬತ್ತು ಹೆಣ ಕೆಡವಿದ ಲೇಖಕನಿಗೆ ಒಂದು ಹೆಣವನ್ನು ಮಣ್ಣು ಮಾಡುವುದು ಗೊತ್ತಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ಮಾವ ಎದ್ದು ನನ್ನನ್ನು ಹಿತ್ತಲಿಗೆ ಕರೆದೊಯ್ದರು. "ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ಕೋ" ಎಂದರು. ಕೂತೆ. ಮೊಣಕಾಲು ಲಟಕ್ಕೆಂದಿತು. ನನ್ನ ಸುತ್ತ ಕೋಲಿನಿಂದ ಗೆರೆ ಎಳೆದು, ಆಳ ಇಷ್ಟು, ಒಳಗೆ ಕೂರಿಸುವ ಗೂಡು ಇಷ್ಟು, ವಿಭೂತಿ ಎಲ್ಲೆಲ್ಲಿ, ಪತ್ರೆ ಎಷ್ಟು, ಅಯ್ಯನವರು ಬಂದಾಗ ನಾನು ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಒಂದೊಂದಾಗಿ ಹೇಳಿಕೊಟ್ಟರು. ಕೊನೆಗೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಇದು ನನ್ನಳತೆ. ನಿಂಗಾದ್ರೆ ಇನ್ನೊಂದು ಗೇಣು ಜಾಸ್ತಿ ಬೇಕು" ಎಂದರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಮಧ್ಯಾಹ್ನ ಮಾವ ಎರಡು ಮುದ್ದೆ ಉಂಡರು.

ಮರುದಿನ ಬೆಳಿಗ್ಗೆಯೇ ಎರಡನೆಯ ಅಧ್ಯಾಯವನ್ನು ತಿದ್ದಿದೆ. ಪಂಚಾಕ್ಷರಪ್ಪನವರನ್ನು ಕ್ರಮವಾಗಿ ಕೂರಿಸಿ ಮಣ್ಣು ಮಾಡಿಸಿದೆ. ಹೂಳಿದ ಮೇಲೆ ಇನ್ನೇನು, ಮೂರನೆಯದರಲ್ಲಿ ಪೊಲೀಸರು ತೆಗೆಸಿದರು, ನಾಲ್ಕನೆಯದರಲ್ಲಿ ಪಾಲುದಾರ ಸಿಕ್ಕಿಬಿದ್ದ. ನನ್ನ ಹದಿನಾಲ್ಕು ಅಧ್ಯಾಯ ಮಣ್ಣುಪಾಲಾಯಿತು. ಪರಮೇಶ ಅಳುವ ಮುಖದ ಚಿತ್ರ ಕಳಿಸಿದ. ಮತ್ತೆ ಗ್ರೂಪಿಗೆ ಬಂದಿದ್ದ ಮಾವ ಮೊಟ್ಟಮೊದಲ ಬಾರಿಗೆ ತಮ್ಮ ಅಭಿಪ್ರಾಯವನ್ನು ಬರೆದರು. "ಮಣ್ಣು ಮಾಡಿದ್ದು ಚೆನ್ನಾಗಿ ಬಂದಿದೆ. ಆದ್ರೆ ಅಮಲ್ದಾರ್ರು, ಪೊಲೀಸ್ರು ಎಲ್ಲಾ ಸೇರಿ ಹೊರಗೆ ತೆಗೆದ್ರಲ್ಲ, ಆಮೇಲೆ ವಾಪಸ್ ಕೂರಿಸಿದ್ರೋ ಇಲ್ವೋ? ಅದನ್ನ ನೀನು ಬರೀಲೇ ಇಲ್ಲ."

ಹೌದಲ್ಲ, ಕೊಲೆಗಾರನನ್ನು ಹಿಡಿಯುವ ಸಂಭ್ರಮದಲ್ಲಿ ಯಜಮಾನರನ್ನು ಗುಂಡಿಯ ಪಕ್ಕದಲ್ಲೇ ಮರೆತು ಬಂದಿದ್ದೆ. ಐದನೆಯ ಅಧ್ಯಾಯವನ್ನು ಅದಕ್ಕಾಗಿಯೇ ಬರೆದೆ. ಕೊಲೆಯಿಲ್ಲ, ಪತ್ತೆಯಿಲ್ಲ, ಪಂಚಾಕ್ಷರಪ್ಪನವರನ್ನು ಮತ್ತೆ ಗೂಡಿನಲ್ಲಿ ಕೂರಿಸಿ, ಪತ್ರೆ ತುಂಬಿ, ಮಣ್ಣು ಎಳೆಯುವುದು ಅಷ್ಟೇ. ಈ ಒಂಬತ್ತು ವರ್ಷಗಳಲ್ಲಿ ನಲವತ್ತೊಂದು ಜನವೂ ಚೆನ್ನಾಗಿದೆ ಎಂದ ಅಧ್ಯಾಯ ಅದೊಂದೇ. ನಾನು ಹಿಗ್ಗಿಹೋಗಿ ಗಿರಿಜಾಳಿಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಬೆರಳು ಮಡಿಸಿ ಏನೋ ಎಣಿಸಿ ಕೇಳಿದಳು: "ಇವರೇನೋ ಆಯ್ತು. ಉಳಿದ ಹದಿನೆಂಟು ಜನಾನ ಎಲ್ಲಿ ಬಿಟ್ಟು ಬಂದಿದೀರಾ?"